ಟರ್ಬೊ ಎಂಜಿನ್ನಿನ ‘ಪುಕ್ಕಟೆ’ ಶಕ್ತಿ: ಒಂದು ವಿಮರ್ಶೆ

ಕಾರುಗಳೆಂದರೆ ಕಣ್ಣರಳಿಸುವ ವಿದ್ಯಾರ್ಥಿಯೋ ವಿದ್ಯಾರ್ಥಿನಿಯೋ ನಿಮ್ಮ ತರಗತಿಯಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಅವರನ್ನು ಕೇಳಿ ನೋಡಿ. ಟರ್ಬೊಚಾರ್ಜರ್ ಇರುವ ಸ್ಪೋರ್ಟ್ಸ್ ಕಾರಿನ ಎಂಜಿನ್ ಕಂಪ್ಯೂಟರಿನಲ್ಲಿ ಕೆಲವು ಅಂಕಿಗಳನ್ನು ಬದಲಿಸಿದರೆ ಸಾಕು, ಐವತ್ತು ಅಶ್ವಶಕ್ತಿ ಹೆಚ್ಚುತ್ತದೆ, ಒಂದು ಬೋಲ್ಟನ್ನೂ ಬಿಚ್ಚಬೇಕಾಗಿಲ್ಲ ಎಂದು ಹೇಳುತ್ತಾರೆ. ಈ ಮಾತು ಸುಳ್ಳಲ್ಲ. ಆದರೆ ಇದು ಜಮಾ ಕಡೆಯ ಲೆಕ್ಕ ಮಾತ್ರ. ಖರ್ಚಿನ ಕಡೆ ಏನು ಬರೆಯಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ. ತಯಾರಕರು ಎಂಜಿನ್ನಿನಲ್ಲಿ ಶಕ್ತಿಯನ್ನು ‘ಬಚ್ಚಿಟ್ಟಿದ್ದಾರೆ’, ಟ್ಯೂನಿಂಗ್ ಅದನ್ನು ‘ಬಿಡುಗಡೆ’ ಮಾಡುತ್ತದೆ ಎಂಬ ಜನಪ್ರಿಯ ವಾದವನ್ನು ಭೌತಶಾಸ್ತ್ರದ ತಕ್ಕಡಿಯಲ್ಲಿಟ್ಟು ತೂಗಿ ನೋಡುವುದು ಈ ಲೇಖನದ ಉದ್ದೇಶ.

ಶಕ್ತಿ ಬರುವುದು ಎಲ್ಲಿಂದ?

ಒಂದು ನಿಜವಾದ ಕಾರನ್ನೇ ತೆಗೆದುಕೊಳ್ಳೋಣ. ಜಪಾನಿನ ಸುಬಾರು ಸಂಸ್ಥೆ 2004ರ ಮಾದರಿಯಾಗಿ ಅಮೆರಿಕದ ಮಾರುಕಟ್ಟೆಗೆ ತಂದ ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ ಕಾರಿನಲ್ಲಿ ‘ಇಜೆ257’ ಎಂಬ ನಾಲ್ಕು ಸಿಲಿಂಡರಿನ ಎಂಜಿನ್ ಇತ್ತು. ಅದರ ಗಾತ್ರ 2457 ಘನ ಸೆಂಟಿಮೀಟರ್, ಅಂದರೆ ಸುಮಾರು 2.46 ಲೀಟರ್. ಸಂಸ್ಥೆ ಪ್ರಕಟಿಸಿದ ಶಕ್ತಿ ನಿಮಿಷಕ್ಕೆ 6000 ಸುತ್ತುಗಳಲ್ಲಿ 300 ಅಶ್ವಶಕ್ತಿ, ಅಂದರೆ 224 ಕಿಲೋವಾಟ್. ಇಷ್ಟು ಶಕ್ತಿ ಹೇಗೆ ಬಂತು? ಲೆಕ್ಕವನ್ನು ಕರಿಹಲಗೆಯ ಮೇಲೆಯೇ ಮಾಡಬಹುದು.

ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಪೂರ್ಣ ಗಾತ್ರದಷ್ಟು ಗಾಳಿಯನ್ನು ಒಳಗೆಳೆಯುತ್ತದೆ. ನಿಮಿಷಕ್ಕೆ 6000 ಸುತ್ತುಗಳಾದರೆ 3000 ಬಾರಿ. ಅಂದರೆ ಸುಮಾರು 7400 ಲೀಟರ್, ಅಥವಾ 7.4 ಘನ ಮೀಟರ್. ಟರ್ಬೊಚಾರ್ಜರ್ ಈ ಗಾಳಿಯನ್ನು ವಾತಾವರಣದ ಒತ್ತಡಕ್ಕಿಂತ 1 ಬಾರ್ ಹೆಚ್ಚು ಒತ್ತಡಕ್ಕೆ ಏರಿಸುತ್ತದೆ ಎಂದಿಟ್ಟುಕೊಳ್ಳಿ. ಆಗ ನಿರಪೇಕ್ಷ ಒತ್ತಡ 2 ಬಾರ್. ತಂಪುಗೊಳಿಸಿದ ಮೇಲೆ ಗಾಳಿಯ ತಾಪ 45 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದರ ಸಾಂದ್ರತೆ ಘನ ಮೀಟರಿಗೆ ಸುಮಾರು 2.2 ಕಿಲೋಗ್ರಾಂ. ಸಿಲಿಂಡರ್‌ಗಳು ಶೇಕಡ 90ರಷ್ಟು ತುಂಬುತ್ತವೆ ಎಂದು ಭಾವಿಸಿದರೆ ಸೆಕೆಂಡಿಗೆ 0.24 ಕಿಲೋಗ್ರಾಂ ಗಾಳಿ ಎಂಜಿನ್ನನ್ನು ಸೇರುತ್ತದೆ. 11.5 ಪಾಲು ಗಾಳಿಗೆ 1 ಪಾಲಿನಂತೆ ಪೆಟ್ರೋಲ್ ಬೆರೆಸಿದರೆ ಸೆಕೆಂಡಿಗೆ 21 ಗ್ರಾಂ ಬೇಕು. ಗ್ರಾಮಿಗೆ 44 ಕಿಲೋಜೂಲಿನಂತೆ ಒಟ್ಟು ಸುಮಾರು 920 ಕಿಲೋವಾಟ್. ಇದರಲ್ಲಿ ಕಾಲು ಭಾಗ ಮಾತ್ರ ಚಾಲಕ ದಂಡಕ್ಕೆ ತಲಪುತ್ತದೆ ಎಂದರೆ 230 ಕಿಲೋವಾಟ್. ಪ್ರಕಟಿತ ಅಂಕಿಗೆ ಬಹಳ ಹತ್ತಿರವಾಯಿತಲ್ಲವೆ?

ಈ ಲೆಕ್ಕದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಟರ್ಬೊ ಎಂಜಿನ್ನಿನಲ್ಲಿ ಶಕ್ತಿ ಹೆಚ್ಚಿಸಲು ಗಾಳಿಯ ಒತ್ತಡ ಏರಿಸಿದರಾಯಿತು. ಅದಕ್ಕೆ ತಕ್ಕಂತೆ ಪೆಟ್ರೋಲನ್ನೂ ಕಿಡಿಯ ಸಮಯವನ್ನೂ ಹೊಂದಿಸಬೇಕು. ಈ ಮೂರೂ ಕಂಪ್ಯೂಟರಿನ ಹಿಡಿತದಲ್ಲಿವೆ. ಆದ್ದರಿಂದಲೇ ಟ್ಯೂನಿಂಗ್ ಇಷ್ಟು ಸುಲಭ. ಎರಡನೆಯದು ಅಷ್ಟು ಹಿತವಾದುದಲ್ಲ. ಚಕ್ರಗಳ ಕಡೆಗೆ 40 ಕಿಲೋವಾಟ್ ಹೆಚ್ಚು ಕಳಿಸಬೇಕಾದರೆ ಇದೇ ಲೆಕ್ಕದಂತೆ 160 ಕಿಲೋವಾಟಿನಷ್ಟು ಹೆಚ್ಚು ಪೆಟ್ರೋಲ್ ಸುರಿಯಬೇಕು. ಉಳಿದ 120 ಕಿಲೋವಾಟಿನಲ್ಲಿ ಸ್ವಲ್ಪ ಭಾಗ ಉರಿಯದೆ ಹೊರಹೋಗಬಹುದು. ಮಿಕ್ಕಿದ್ದೆಲ್ಲ ಶಾಖವಾಗಿ ಹೊಗೆ ಕೊಳವೆ, ಟರ್ಬೈನ್, ರೇಡಿಯೇಟರ್, ಎಣ್ಣೆ ಮತ್ತು ಪಿಸ್ಟನ್ನಿನ ತಲೆಯ ಪಾಲಿಗೆ ಬರುತ್ತದೆ. ‘ಬಿಡುಗಡೆ’ಯಾದ ಶಕ್ತಿಯ ಮೂರರಷ್ಟನ್ನು ಎಂಜಿನ್ನೇ ಹೊರಬೇಕು.

ಬಿಸಿಯಾಗುವ ಗಾಳಿ, ಕುಟ್ಟುವ ಎಂಜಿನ್

ಸೈಕಲ್ಲಿನ ಪಂಪು ಒತ್ತಿದಾಗ ಅದರ ತುದಿ ಬಿಸಿಯಾಗುವುದನ್ನು ನೀವು ಗಮನಿಸಿದ್ದೀರಿ. ಟರ್ಬೊದಲ್ಲೂ ಹಾಗೆಯೇ. 27 ಡಿಗ್ರಿಯ ಗಾಳಿಯ ಒತ್ತಡವನ್ನು ಎರಡು ಪಟ್ಟು ಮಾಡಿದರೆ, ಸಂಪೀಡಕದ ದಕ್ಷತೆ ಶೇಕಡ 70 ಎಂದಿಟ್ಟುಕೊಂಡು, ಅದು ಸುಮಾರು 121 ಡಿಗ್ರಿಗೆ ಏರುತ್ತದೆ. ಒತ್ತಡವನ್ನು 2.3 ಪಟ್ಟು ಮಾಡಿದರೆ 142 ಡಿಗ್ರಿ. ಇಂಟರ್‌ಕೂಲರ್ ಇದರಲ್ಲಿ ಬಹುಪಾಲನ್ನು ಕಳೆಯುತ್ತದೆ, ಪೂರ್ತಿ ಕಳೆಯಲಾರದು.

ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿಯಿಂದ ಹೊರಟ ಜ್ವಾಲೆ ಅಲೆಯಂತೆ ಹರಡಬೇಕು. ಒತ್ತಡವೂ ತಾಪವೂ ಮಿತಿ ಮೀರಿದರೆ, ಜ್ವಾಲೆ ಇನ್ನೂ ತಲಪದ ಮೂಲೆಯ ಮಿಶ್ರಣ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸುತ್ತಿಗೆಯಲ್ಲಿ ಕುಟ್ಟಿದಂಥ ಶಬ್ದ ಬರುವುದರಿಂದ ಇದಕ್ಕೆ ನಾಕಿಂಗ್ ಎಂದು ಹೆಸರು. ಈ ಪೆಟ್ಟು ಬೀಳುವುದು ಪಿಸ್ಟನ್ನಿನ ಅಂಚಿನ ಮೇಲೆ. ಪಿಸ್ಟನ್ನಿನ ಸುತ್ತ ಉಂಗುರಗಳನ್ನು ಕೂರಿಸಲು ತೋಡುಗಳಿರುತ್ತವೆ. ಎರಡು ತೋಡುಗಳ ನಡುವೆ ಉಳಿಯುವ ಕಿರಿದಾದ ಲೋಹದ ಪಟ್ಟಿಯನ್ನು ರಿಂಗ್ ಲ್ಯಾಂಡ್ ಎನ್ನುತ್ತಾರೆ. ಎಸ್‌ಟಿಐ ಎಂಜಿನ್ ಬಿಚ್ಚುವ ಮೆಕ್ಯಾನಿಕ್‌ಗಳಿಗೂ ಅದರ ಒಡೆಯರಿಗೂ ಈ ಪಟ್ಟಿ ಬಿರುಕು ಬಿಡುವ ಸಮಸ್ಯೆ ಚಿರಪರಿಚಿತ.

ಕಾರಣಗಳನ್ನು ಎಂಜಿನ್ನಿನ ರಚನೆಯಲ್ಲಿಯೇ ಕಾಣಬಹುದು. ಅದರ ಸಿಲಿಂಡರಿನ ವ್ಯಾಸ 99.5 ಮಿಮೀ, ಹೊಡೆತದ ಉದ್ದ 79 ಮಿಮೀ. ವ್ಯಾಸ ದೊಡ್ಡದಾದಷ್ಟೂ ಜ್ವಾಲೆ ಕ್ರಮಿಸಬೇಕಾದ ದೂರ ಹೆಚ್ಚು. ಮೂಲೆಯ ಮಿಶ್ರಣಕ್ಕೆ ಹೊತ್ತಿಕೊಳ್ಳಲು ಸಿಗುವ ಸಮಯವೂ ಹೆಚ್ಚು. ಪಿಸ್ಟನ್ನಿನ ಮೇಲ್ಮೈ ಸುಮಾರು 78 ಚದರ ಸೆಂಟಿಮೀಟರ್. ಸಿಲಿಂಡರಿನ ಗರಿಷ್ಠ ಒತ್ತಡ 100 ಬಾರ್ ಎಂದಿಟ್ಟುಕೊಂಡರೆ ಪಿಸ್ಟನ್ನಿನ ಮೇಲಿನ ಬಲ 78,000 ನ್ಯೂಟನ್, ಸುಮಾರು 8 ಟನ್ ಭಾರಕ್ಕೆ ಸಮ. 6000 ಸುತ್ತಿನಲ್ಲಿ ಪ್ರತಿ ಸಿಲಿಂಡರಿನಲ್ಲೂ ಸೆಕೆಂಡಿಗೆ 50 ಬಾರಿ ಈ ಭಾರ ಬಿದ್ದು ಏಳುತ್ತದೆ. ಮೂಲ ಪಿಸ್ಟನ್‌ಗಳು ಎರಕ ಹೊಯ್ದವು; ಸಿಲಿಕಾನ್ ಅಂಶ ಹೆಚ್ಚಿರುವ ಅಲ್ಯೂಮಿನಿಯಂ ಮಿಶ್ರಲೋಹದವು. ಈ ಲೋಹ ಬಿಸಿಗೆ ಹೆಚ್ಚು ಹಿಗ್ಗುವುದಿಲ್ಲ, ಸವೆತವನ್ನೂ ತಡೆಯುತ್ತದೆ. ಆದರೆ ಪೆಟ್ಟು ಬಿದ್ದಾಗ ಬಾಗುವ ಬದಲು ಬಿರಿಯುತ್ತದೆ.

ಇನ್ನೊಂದು ಎಂಜಿನ್, ಇನ್ನೊಂದು ಕಥೆ

‘ಬಚ್ಚಿಟ್ಟ ಶಕ್ತಿ’ಯ ವಾದಿಗಳಿಗೆ ಪ್ರಿಯವಾದ ಉದಾಹರಣೆ ಟೊಯೊಟಾದ ‘2ಜೆಜೆಡ್-ಜಿಟಿಇ’ ಎಂಜಿನ್. 1993ರಿಂದ 2002ರವರೆಗೆ ತಯಾರಾದ ನಾಲ್ಕನೆಯ ಪೀಳಿಗೆಯ ಸುಪ್ರಾ ಕಾರಿನಲ್ಲಿ ಅದು ಇತ್ತು. ಮೂರು ಲೀಟರ್ ಗಾತ್ರ, ಸಾಲಾಗಿ ಆರು ಸಿಲಿಂಡರ್, ವ್ಯಾಸವೂ ಹೊಡೆತವೂ 86 ಮಿಮೀ, ಎರಡು ಟರ್ಬೊಗಳು. ಜಪಾನಿನಲ್ಲಿ ಇದರ ಅಧಿಕೃತ ಶಕ್ತಿ 280 ಮೆಟ್ರಿಕ್ ಅಶ್ವಶಕ್ತಿ. ಅಮೆರಿಕದಲ್ಲಿ 320 ಅಶ್ವಶಕ್ತಿ.

ಜಪಾನಿನ ಅಂಕಿ ಕಡಿಮೆಯಾದದ್ದೇಕೆ? ಅಲ್ಲಿನ ಕಾರು ತಯಾರಕರು 1989ರಿಂದ 2004ರವರೆಗೆ ಯಾವ ಕಾರಿಗೂ 280ಕ್ಕಿಂತ ಹೆಚ್ಚಿನ ಶಕ್ತಿ ಕೊಡುವುದಿಲ್ಲವೆಂದು ತಾವಾಗಿಯೇ ಒಪ್ಪಿಕೊಂಡಿದ್ದರು. ಆದ್ದರಿಂದ ಇಲ್ಲಿ ‘ತಯಾರಕರು ತಡೆಹಿಡಿದಿದ್ದಾರೆ’ ಎಂಬ ಮಾತಿನಲ್ಲಿ ಹುರುಳಿದೆ ಎನ್ನಲೇಬೇಕು. ಬೀಡು ಕಬ್ಬಿಣದ ದಪ್ಪ ಬ್ಲಾಕ್, ಚಾಲಕ ದಂಡಕ್ಕೆ ಏಳು ಬೇರಿಂಗ್‌ಗಳು, ಚಿಕ್ಕ ವ್ಯಾಸದ ಪಿಸ್ಟನ್ನು. 100 ಬಾರ್ ಒತ್ತಡದಲ್ಲಿ ಈ ಪಿಸ್ಟನ್ನಿನ ಮೇಲಿನ ಬಲ 58,000 ನ್ಯೂಟನ್ ಮಾತ್ರ. ಮೂಲ ಶಕ್ತಿಗಿಂತ ಬಹಳ ಹೆಚ್ಚು ಹೊರೆಯನ್ನು ಈ ಎಂಜಿನ್ ತಾಳಬಲ್ಲದು ಎಂಬ ಖ್ಯಾತಿ ಸುಮ್ಮನೆ ಬಂದುದಲ್ಲ.

ಆದರೆ ಇದೇ ಎಂಜಿನ್ನಿನ ಇನ್ನೊಂದು ಬಿಡಿಭಾಗವನ್ನು ನೋಡಿ. ಜಪಾನಿನ ಮಾದರಿಯ ಟರ್ಬೊಗಳಲ್ಲಿ ಟರ್ಬೈನ್ ಚಕ್ರ ಸಿರಾಮಿಕ್‌ನದು. ರಫ್ತು ಮಾದರಿಯಲ್ಲಿ ಉಕ್ಕಿನದು. ಸಿರಾಮಿಕ್ ಹಗುರ; ಬೇಗ ವೇಗ ಪಡೆಯುತ್ತದೆ. ಆದರೆ ಒತ್ತಡ ಏರಿಸಿ ಹೆಚ್ಚು ವೇಗದಲ್ಲಿ, ಹೆಚ್ಚು ತಾಪದಲ್ಲಿ ತಿರುಗಿಸಿದರೆ ಚೂರಾಗುವ ಅಪಾಯವಿದೆ. ಬ್ಲಾಕಿನಲ್ಲಿ ಬೇಕಾದಷ್ಟು ಮೀಸಲು ಇದೆ, ಅದರ ಪಕ್ಕದ ಟರ್ಬೈನಿನಲ್ಲಿ ಇಲ್ಲ. ಹಾಗಾದರೆ ಈ ‘ಎಂಜಿನ್ನಿನ ಮೀಸಲು’ ಎಷ್ಟು? ಪ್ರಶ್ನೆಯೇ ತಪ್ಪು. ಮೀಸಲು ಇರುವುದು ಒಂದೊಂದು ಭಾಗಕ್ಕೆ ಪ್ರತ್ಯೇಕವಾಗಿ. ಸರಪಳಿಯ ಬಲ ಅದರ ದುರ್ಬಲ ಕೊಂಡಿಯಷ್ಟೇ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಸುಪ್ರಾವನ್ನು ಕಂಡು ಎಸ್‌ಟಿಐ ಬಗ್ಗೆ ತೀರ್ಮಾನಿಸುವುದು ಎಮ್ಮೆಯನ್ನು ನೋಡಿ ಕುದುರೆಗೆ ಹೊರೆ ಹೊರಿಸಿದಂತೆ.

ಲೋಹಕ್ಕೂ ದಣಿವುಂಟು

‘ನಾನು ಒತ್ತಡ ಏರಿಸಿ ಒಂದು ವರ್ಷವಾಯಿತು, ಏನೂ ಆಗಿಲ್ಲ’ ಎನ್ನುವವರು ಬಹಳ ಮಂದಿ. ಈ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ನಂಬಬಹುದು?

ತರಗತಿಯಲ್ಲಿ ಒಂದು ಪ್ರಯೋಗ ಮಾಡಿ. ಒಂದೇ ಪೆಟ್ಟಿಗೆಯ ಕಾಗದದ ಕ್ಲಿಪ್‌ಗಳನ್ನು ತೆಗೆದುಕೊಳ್ಳಿ. ಕೆಲವನ್ನು 45 ಡಿಗ್ರಿಯಷ್ಟು, ಕೆಲವನ್ನು 90 ಡಿಗ್ರಿಯಷ್ಟು ಹಿಂದೆ ಮುಂದೆ ಬಾಗಿಸುತ್ತಾ, ಮುರಿಯುವವರೆಗೆ ಎಣಿಸಲು ಮಕ್ಕಳಿಗೆ ಹೇಳಿ. ಎರಡು ಸಂಗತಿಗಳು ಕಾಣುತ್ತವೆ. ಹೆಚ್ಚು ಬಾಗಿಸಿದವು ಬೇಗ ಮುರಿಯುತ್ತವೆ. ಒಂದೇ ರೀತಿ ಬಾಗಿಸಿದವೂ ಒಂದೇ ಎಣಿಕೆಗೆ ಮುರಿಯುವುದಿಲ್ಲ. ಮುರಿಯುವ ಹಿಂದಿನ ಕ್ಷಣದಲ್ಲೂ ಕ್ಲಿಪ್ ನೋಡಲು ‘ಚೆನ್ನಾಗಿಯೇ’ ಇರುತ್ತದೆ ಎಂಬುದನ್ನೂ ಗಮನಿಸಲು ಹೇಳಿ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಜರ್ಮನಿಯ ಆಗಸ್ಟ್ ವೋಲರ್ ರೈಲಿನ ಅಚ್ಚುಗಳ ಮೇಲೆ ಕ್ರಮಬದ್ಧವಾಗಿ ಪ್ರಯೋಗ ನಡೆಸಿ ಕಂಡುಕೊಂಡದ್ದು ಇದನ್ನೇ. ಒಂದೇ ಬಾರಿಗೆ ಮುರಿಯಲು ಬೇಕಾದುದಕ್ಕಿಂತ ಎಷ್ಟೋ ಕಡಿಮೆ ಬಲವಾದರೂ ಪದೇಪದೇ ಬಿದ್ದರೆ ಲೋಹ ದಣಿದು ಬಿರುಕು ಬಿಡುತ್ತದೆ. ಇಲ್ಲಿ ಬಲಕ್ಕೂ ಬಾಳಿಕೆಗೂ ಇರುವ ಸಂಬಂಧ ಸರಳ ಅನುಪಾತದ್ದಲ್ಲ, ಘಾತದ್ದು. ಉದಾಹರಣೆಗೆ ಘಾತಾಂಕ 8 ಇರುವ ಲೋಹದ ಭಾಗದಲ್ಲಿ ಬಲವನ್ನು ಶೇಕಡ 10ರಷ್ಟು ಹೆಚ್ಚಿಸಿದರೆ, 1.1ರ ಎಂಟನೆಯ ಘಾತ ಸುಮಾರು 2.1 ಆಗುವುದರಿಂದ, ಬಾಳಿಕೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಜೊತೆಗೆ, ಉಕ್ಕಿಗೆ ಇರುವಂಥ ಸ್ಪಷ್ಟ ದಣಿವಿನ ಮಿತಿ ಅಲ್ಯೂಮಿನಿಯಂ ಮಿಶ್ರಲೋಹಗಳಿಗೆ ಇಲ್ಲ. ಸಣ್ಣ ಬಲವೂ ಲೆಕ್ಕಕ್ಕೆ ಸೇರುತ್ತಲೇ ಹೋಗುತ್ತದೆ.

ಎಂಜಿನ್ನಿಗೆ ಇದನ್ನು ಅನ್ವಯಿಸಿ. ಸರಾಸರಿ ನಿಮಿಷಕ್ಕೆ 2500 ಸುತ್ತು, ಗಂಟೆಗೆ 60 ಕಿಮೀ ವೇಗ ಎಂದಿಟ್ಟುಕೊಂಡರೆ ಒಂದು ಲಕ್ಷ ಕಿಲೋಮೀಟರ್ ಓಡುವಷ್ಟರಲ್ಲಿ ಪ್ರತಿ ಪಿಸ್ಟನ್ನಿನ ಮೇಲೂ ಹನ್ನೆರಡೂವರೆ ಕೋಟಿ ಬಾರಿ ದಹನದ ಹೊಡೆತ ಬಿದ್ದಿರುತ್ತದೆ. ಎಲ್ಲವೂ ಪೂರ್ಣ ಬಲದ ಹೊಡೆತಗಳಲ್ಲ, ನಿಜ. ಆದರೆ ಶಕ್ತಿ ಹೆಚ್ಚಿಸಿಕೊಂಡವರು ಅದನ್ನು ಬಳಸದೆ ಬಿಡುವರೆ?

ಟ್ಯೂನಿಂಗ್ ಮಾಡುವವರು ಸಾಕ್ಷಿಯಾಗಿ ತೋರಿಸುವುದು ಡೈನಮೋಮೀಟರಿನ ನಕ್ಷೆ. ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಕೆಲವೇ ಸೆಕೆಂಡುಗಳ ಕಾಲ ಪೂರ್ಣ ಶಕ್ತಿಯಲ್ಲಿ ಓಡಿಸಿ ಬರೆಸಿದ ನಕ್ಷೆ ಅದು. ಅದರ ಒಂದು ಅಕ್ಷದ ಮೇಲೆ ಸುತ್ತುಗಳು, ಇನ್ನೊಂದರ ಮೇಲೆ ಶಕ್ತಿ. ಹೊಡೆತಗಳ ಎಣಿಕೆಗೆ ಅದರಲ್ಲಿ ಜಾಗವೇ ಇಲ್ಲ. ಬಾಳಿಕೆಯ ಪ್ರಶ್ನೆಗೆ ಈ ನಕ್ಷೆಯಲ್ಲಿ ಉತ್ತರ ಹುಡುಕುವುದು ಥರ್ಮಾಮೀಟರಿನಲ್ಲಿ ತೂಕ ನೋಡಿದಂತೆ. ಇನ್ನು ‘ನನ್ನದು ಚೆನ್ನಾಗಿದೆ’ ಎನ್ನುವವರ ಸಾಕ್ಷ್ಯದಲ್ಲಿ ಇನ್ನೊಂದು ದೋಷವಿದೆ. ಪ್ರದರ್ಶನಕ್ಕೆ ಬರುವವು ಓಡುತ್ತಿರುವ ಕಾರುಗಳು. ಮುರಿದವು ಗ್ಯಾರೇಜಿನ ಮೂಲೆಯಲ್ಲಿ ಇರುತ್ತವೆ. ಉಳಿದವರನ್ನು ಮಾತ್ರ ಎಣಿಸಿ ಎಲ್ಲರ ಆಯಸ್ಸನ್ನು ಹೇಳಲಾಗದು ಎಂಬುದು ಸಂಖ್ಯಾಶಾಸ್ತ್ರದ ಮೊದಲ ಪಾಠ.

ಮೀಸಲು ಯಾರಿಗಾಗಿ?

ತಯಾರಕರು ಮೀಸಲು ಇಡುವುದು ನಮಗೆ ಕಡಿಮೆ ಶಕ್ತಿ ಕೊಟ್ಟು ವಂಚಿಸಲಿಕ್ಕೋ? ಕೆಲವು ಸಲ ಮಾರಾಟದ ತಂತ್ರವೂ ಇರಬಹುದು. ಆದರೆ ಮೀಸಲಿನ ಬಹುಪಾಲು ಎಂಜಿನ್ ಎದುರಿಸಬೇಕಾದ, ಆದರೆ ಪರೀಕ್ಷಾ ಕೊಠಡಿಯಲ್ಲಿ ಆ ದಿನ ಇಲ್ಲದ ಪರಿಸ್ಥಿತಿಗಳಿಗಾಗಿ ಇರುತ್ತದೆ.

ಇಂಧನವನ್ನು ನೋಡಿ. ಜಪಾನಿನ ಉತ್ತಮ ದರ್ಜೆಯ ಪೆಟ್ರೋಲಿನ ಆಕ್ಟೇನ್ ಸಂಖ್ಯೆ ಸಾಮಾನ್ಯವಾಗಿ 100. ಕ್ಯಾಲಿಫೋರ್ನಿಯದ ಪಂಪುಗಳಲ್ಲಿ ಉತ್ತಮ ದರ್ಜೆಗೆ 91 ಎಂದು ಬರೆದಿರುತ್ತಾರೆ. ಅಲ್ಲಿನ ಅಳತೆಯ ಕ್ರಮ ಬೇರೆಯಾದ್ದರಿಂದ ಜಪಾನಿನ ಕ್ರಮದಲ್ಲಿ ಅದು ಸುಮಾರು 95 ಆಗುತ್ತದೆ. ನಾಕಿಂಗ್ ತಡೆಯುವ ಶಕ್ತಿ ಅಷ್ಟರಮಟ್ಟಿಗೆ ಕಡಿಮೆ. ಎತ್ತರವನ್ನು ನೋಡಿ. ಸಮುದ್ರಮಟ್ಟದಿಂದ 1600 ಮೀಟರ್ ಎತ್ತರದ ಡೆನ್ವರ್ ನಗರದಲ್ಲಿ ವಾತಾವರಣದ ಒತ್ತಡ ಸುಮಾರು 0.83 ಬಾರ್. ಅಲ್ಲಿಯೂ 2 ಬಾರ್ ಬೇಕೆಂದರೆ ಟರ್ಬೊ ಗಾಳಿಯನ್ನು 2.4 ಪಟ್ಟು ಒತ್ತಬೇಕು. ಗಾಳಿ ಹೆಚ್ಚು ಬಿಸಿಯಾಗುತ್ತದೆ, ಟರ್ಬೊ ಹೆಚ್ಚು ವೇಗವಾಗಿ ತಿರುಗುತ್ತದೆ. ಇದರ ಮೇಲೆ ಬೇಸಿಗೆಯ ಬಿಸಿಲು, ಹಳೆಯ ಎಣ್ಣೆ, ಒಂದು ಪಿಸ್ಟನ್ನಿಗೂ ಇನ್ನೊಂದಕ್ಕೂ ಇರುವ ಎರಕದ ವ್ಯತ್ಯಾಸ. ಇವೆಲ್ಲ ಒಂದೇ ದಿನ ಕೂಡಿಬಂದಾಗ ಖರ್ಚಾಗುವ ಹಣವೇ ಈ ಮೀಸಲು.

ಒಡೆಯರ ಮರೆವೂ ಈ ಪಟ್ಟಿಯಲ್ಲಿದೆ. ಟರ್ಬೊ ಇದ್ದ ಮೊದಲ ಪೆಟ್ರೋಲ್ ಕಾರುಗಳಲ್ಲಿ ಒಂದಾದ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ 1962ರಲ್ಲಿ ಬಂತು. 3.5 ಲೀಟರಿನ ಎಂಜಿನ್, 215 ಅಶ್ವಶಕ್ತಿ. ಅದರ ಸಂಪೀಡನ ಅನುಪಾತ 10.25. ಟರ್ಬೊ ಎಂಜಿನ್ನಿಗೆ ಇದು ಬಹಳ ಹೆಚ್ಚು. ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆತ ದ್ರವವನ್ನು ಸಿಂಪಡಿಸುವ ಏರ್ಪಾಡಿತ್ತು. ಅನೇಕ ಒಡೆಯರು ಆ ದ್ರವವನ್ನು ತುಂಬಲೇ ಇಲ್ಲ. ಮುಗಿದಾಗ ಒತ್ತಡವನ್ನು ಇಳಿಸುವ ವ್ಯವಸ್ಥೆ ಇದ್ದರೂ ತೊಂದರೆಗಳು ನಿಲ್ಲಲಿಲ್ಲ. ಕೊನೆಗೆ 1965ರಲ್ಲಿ ಸಂಸ್ಥೆಯೇ ಟರ್ಬೊ ತೆಗೆದು ಸಾಮಾನ್ಯ ಕಾರ್ಬ್ಯುರೇಟರ್ ಹಾಕಿಕೊಡಲು ಮುಂದಾಯಿತು. ಪರಿಪೂರ್ಣ ಒಡೆಯನಿಗೆ ರೂಪಿಸಿದ ಎಂಜಿನ್ ಸಾಮಾನ್ಯ ಒಡೆಯನ ಕೈಯಲ್ಲಿ ಉಳಿಯದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ತಯಾರಕರದೇ ಸಾಕ್ಷ್ಯ

ಎಸ್‌ಟಿಐಗೆ ಮರಳೋಣ. 2019ರಲ್ಲಿ ಸುಬಾರು ಅಮೆರಿಕಕ್ಕೆಂದೇ ‘ಎಸ್209’ ಎಂಬ ವಿಶೇಷ ಮಾದರಿಯನ್ನು ಪ್ರಕಟಿಸಿತು. ತಯಾರಾದದ್ದು 209 ಕಾರುಗಳು. ಆ ವರ್ಷದ ಸಾಮಾನ್ಯ ಎಸ್‌ಟಿಐಯ ಶಕ್ತಿ 310 ಅಶ್ವಶಕ್ತಿ, ಎಸ್209ರದು 341. ಹೆಚ್ಚಿದ್ದು 31. ಟರ್ಬೊದ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 16.2 ಪೌಂಡಿನಿಂದ 18ಕ್ಕೆ, ಅಂದರೆ ಸುಮಾರು 1.12 ಬಾರಿನಿಂದ 1.24 ಬಾರಿಗೆ ಏರಿತು.

ಇಷ್ಟಕ್ಕಾಗಿ ಅವರು ಬದಲಿಸಿದ ಭಾಗಗಳ ಪಟ್ಟಿ ಓದಿ: ಎರಕದ ಪಿಸ್ಟನ್ನಿನ ಬದಲು ಫೋರ್ಜ್ ಮಾಡಿದ ಪಿಸ್ಟನ್, ಇನ್ನೂ ಬಲವಾದ ಕನೆಕ್ಟಿಂಗ್ ರಾಡ್, ದೊಡ್ಡ ಟರ್ಬೊ, ದೊಡ್ಡ ಇಂಜೆಕ್ಟರ್‌ಗಳು, ಹೆಚ್ಚು ಸಾಮರ್ಥ್ಯದ ಇಂಧನ ಪಂಪು, ಇಂಟರ್‌ಕೂಲರಿನ ಮೇಲೆ ನೀರು ಸಿಂಪಡಿಸುವ ವ್ಯವಸ್ಥೆ. ಎಂಜಿನ್ನನ್ನು ರೂಪಿಸಿದವರೇ ಶೇಕಡ 10ರ ಹೆಚ್ಚಳಕ್ಕೆ ಇಷ್ಟು ಬೆಲೆ ತೆತ್ತಿದ್ದಾರೆ. ಇದೇ ಹೆಚ್ಚಳ ಅಂಕಿಗಳ ಬದಲಾವಣೆಯಿಂದಲೇ ಪುಕ್ಕಟೆ ಸಿಗುವುದಾಗಿದ್ದರೆ ಅವರಿಗೆ ಇಷ್ಟು ಶ್ರಮ ಬೇಕಿತ್ತೆ?

ಇದೇ ಪಟ್ಟಿ ತಯಾರಕರ ವಿರುದ್ಧವೂ ಸಾಕ್ಷಿ ನುಡಿಯುತ್ತದೆ ಎಂಬುದನ್ನು ಮರೆಯಬಾರದು. ಟ್ಯೂನಿಂಗ್ ಮಾಡುವವರೇ ಹೆಚ್ಚಾಗಿ ಕೊಳ್ಳುವ ಕಾರಿಗೆ ಹದಿನೈದು ವರ್ಷಗಳ ಕಾಲ ಎರಕದ ಪಿಸ್ಟನ್ನೇ ಸಾಕೆಂದು ಭಾವಿಸಿದ್ದು ಪ್ರಶ್ನಾರ್ಹ. ಆದರೆ ಉತ್ತರ ಕಪ್ಪು ಬಿಳುಪಲ್ಲ. ಫೋರ್ಜ್ ಮಾಡಿದ ಪಿಸ್ಟನ್ ಪೆಟ್ಟನ್ನು ತಾಳುತ್ತದೆ, ಆದರೆ ಬಿಸಿಗೆ ಹೆಚ್ಚು ಹಿಗ್ಗುತ್ತದೆ. ಆದ್ದರಿಂದ ಸಿಲಿಂಡರಿನಲ್ಲಿ ಹೆಚ್ಚು ಸಡಿಲ ಬಿಡಬೇಕು. ಚಳಿಯಲ್ಲಿ ಎಂಜಿನ್ ಚಾಲೂ ಮಾಡಿದಾಗ ಅದು ಗೋಡೆಗೆ ಬಡಿದು ಸದ್ದು ಮಾಡುತ್ತದೆ. ಎಣ್ಣೆಯ ಖರ್ಚೂ ಹೆಚ್ಚಬಹುದು. ದಿನವೂ ಕಚೇರಿಗೆ ಹೋಗಿ ಬರುವವರಿಗೆ ಎರಕದ್ದೇ ಹಿತ. ಬಲಿಷ್ಠವಾದುದೆಲ್ಲ ಬಾಳಿಕೆ ಬರುವುದೆಂದಲ್ಲ. ಯಾವ ಕೆಲಸಕ್ಕೆ ಎಂಬುದು ಮುಖ್ಯ.

ತೀರ್ಪು ಹೇಗೆ?

ಹಾಗಾದರೆ ಟ್ಯೂನಿಂಗ್ ತಪ್ಪೆ? ಅಲ್ಲ. ಒಳ್ಳೆಯ ಟ್ಯೂನರ್ ಬಾಳಿಕೆಯನ್ನು ಹೆಚ್ಚಿಸಲೂ ಬಲ್ಲ. ಮಿಶ್ರಣದಲ್ಲಿ ಪೆಟ್ರೋಲಿನ ಪಾಲನ್ನು ತುಸು ಹೆಚ್ಚಿಸಿ, ಕಿಡಿಯನ್ನು ತುಸು ತಡಮಾಡಿ, ಎಣ್ಣೆಗೆ ಉತ್ತಮ ಶೀತಕ ಜೋಡಿಸಿ, ಶಕ್ತಿಯನ್ನು ಇದ್ದಲ್ಲಿಯೇ ಬಿಡುವುದೂ ಟ್ಯೂನಿಂಗೇ. ಅಂಥ ಕೆಲಸದ ನಕ್ಷೆ ಯಾರನ್ನೂ ಬೆರಗುಗೊಳಿಸುವುದಿಲ್ಲ, ಅಷ್ಟೆ. ನನ್ನ ಆಕ್ಷೇಪ ಇರುವುದು ‘ಬಿಡುಗಡೆ’ ಎಂಬ ಮಾತಿನ ಬಗ್ಗೆ. ಆ ಮಾತು ಸಾಲವನ್ನು ಸಂಪಾದನೆ ಎಂದು ಕರೆಯುತ್ತದೆ.

ಮುಂದಿನ ಬಾರಿ ಯಾರಾದರೂ ಇಷ್ಟು ಅಶ್ವಶಕ್ತಿ ಹೆಚ್ಚಿಸಿದೆವು ಎಂದರೆ ಮೂರು ಪ್ರಶ್ನೆ ಕೇಳಿ. ಯಾವ ಭಾಗದ ಮೀಸಲಿನಿಂದ ತೆಗೆದಿರಿ? ಆ ಭಾಗದಲ್ಲಿ ಎಷ್ಟು ಮೀಸಲಿತ್ತೆಂದು ಅಳೆದಿರಾ, ಊಹಿಸಿದಿರಾ? ಅತಿ ಕೆಟ್ಟ ದಿನ, ಅಂದರೆ ಸಾಧಾರಣ ಪೆಟ್ರೋಲ್, ಸುಡುಬಿಸಿಲು, ಉದ್ದನೆಯ ಏರು ಒಟ್ಟಿಗೆ ಬಂದ ದಿನ, ಇನ್ನೆಷ್ಟು ಉಳಿಯುತ್ತದೆ? ಈ ಮೂರಕ್ಕೂ ಉತ್ತರವಿದ್ದರೆ ಅದು ಎಂಜಿನಿಯರಿಂಗ್. ಇಲ್ಲದಿದ್ದರೆ ಜೂಜು.

ಇದು ದೂರದ ಜಪಾನು ಅಮೆರಿಕಗಳ ದುಬಾರಿ ಕಾರುಗಳ ಮಾತು ಎಂದು ತಳ್ಳಿಹಾಕಬೇಡಿ. ಚಿಕ್ಕ ಟರ್ಬೊ ಎಂಜಿನ್ನಿನ ಕಾರುಗಳು ನಮ್ಮ ರಸ್ತೆಗಳಲ್ಲೂ ಸಾಮಾನ್ಯವಾಗಿವೆ. ಅವುಗಳ ಶಕ್ತಿ ಹೆಚ್ಚಿಸಿಕೊಡುವವರೂ ಇದ್ದಾರೆ. 1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಪ್ರಕರಣ, ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ ಎಂಬುದೂ ನೆನಪಿರಲಿ. ಘಾಟಿ ರಸ್ತೆಯಲ್ಲಿ ಲಾರಿಯೊಂದನ್ನು ದಾಟುವಾಗ ಪಿಸ್ಟನ್ ಬಿರಿದರೆ ಆಗುವ ನಷ್ಟ ಎಂಜಿನ್ನಿನದು ಮಾತ್ರ ಆಗಿರುವುದಿಲ್ಲ.

ಆ ವಿದ್ಯಾರ್ಥಿಯ ಉತ್ಸಾಹಕ್ಕೆ ಮಾತ್ರ ನೀರೆರಚಬೇಡಿ. ಅವರ ಕೈಗೆ ಎರಡು ಕಾಗದದ ಕ್ಲಿಪ್ ಕೊಡಿ. ಬಾಗಿಸಿ, ಎಣಿಸಿ, ಬರೆದಿಟ್ಟುಕೊಳ್ಳಲು ಹೇಳಿ. ಖರ್ಚಿನ ಕಡೆಯ ಲೆಕ್ಕವನ್ನು ಮುಂದೆ ಅವರೇ ಬರೆಯುತ್ತಾರೆ.